ಎರಡು ಕೂದಲಿನ ಸಂಧಿ: ರಿಲ್ಯಾಕ್ಸರ್ ಬಿಟ್ಟ ಮೇಲಿನ ಆರೈಕೆ

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ.

ಇಂದಿನ ಮಾತನ್ನು ಕೂದಲಿನ ಒಂದೇ ಒಂದು ಎಳೆಯಿಂದ ಆರಂಭಿಸುತ್ತೇನೆ. ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಕೇಶೋತ್ಪನ್ನಗಳನ್ನು ತಯಾರಿಸುವ ರಸಾಯನಶಾಸ್ತ್ರಜ್ಞೆಯಾಗಿ ನಾನು ಕೆಲಸ ಮಾಡುತ್ತಿದ್ದಾಗ, ಪಕ್ಕದ ಮೇಜಿನಲ್ಲಿದ್ದ ಆಫ್ರಿಕನ್ ಅಮೆರಿಕನ್ ಸಹೋದ್ಯೋಗಿಯೊಬ್ಬರು ಅಂದು ಬೆಳಿಗ್ಗೆ ಬಾಚಣಿಗೆಯಲ್ಲಿ ಸಿಕ್ಕಿದ ತಮ್ಮದೇ ಕೂದಲೊಂದನ್ನು ಗಾಜಿನ ಪಟ್ಟಿಯ ಮೇಲಿಟ್ಟು ನನ್ನನ್ನು ಸೂಕ್ಷ್ಮದರ್ಶಕದ ಬಳಿಗೆ ಕರೆದರು. ಬುಡದ ಕಡೆಯ ನಾಲ್ಕು ಬೆರಳಿನಷ್ಟು ಭಾಗ ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಂತೆ ಒತ್ತೊತ್ತಾಗಿ ಸುತ್ತಿಕೊಂಡಿತ್ತು. ಅಲ್ಲಿಂದ ಮುಂದಕ್ಕೆ ಅದೇ ಎಳೆ ಒದ್ದೆ ನೂಲಿನ ಹಾಗೆ ಚಪ್ಪಟೆಯಾಗಿ, ನೇರವಾಗಿ, ಜೀವವಿಲ್ಲದಂತೆ ಬಿದ್ದಿತ್ತು. ಇವೆರಡೂ ಕೂಡುವ ಜಾಗದಲ್ಲಿ ಹೊರಪೊರೆಯ ಹುರುಪೆಗಳು ಎದ್ದು, ಕೆಲವು ಕಡೆ ಕಿತ್ತು ಹೋಗಿ, ಒಳಗಿನ ನಾರುಗಳು ಸವೆದ ಪೊರಕೆಯಂತೆ ಹೊರಚಾಚಿದ್ದವು. ಕೂದಲನ್ನು ನೇರ ಮಾಡುವ ರಿಲ್ಯಾಕ್ಸರ್ ಎಂಬ ಕ್ರೀಮನ್ನು ಹಚ್ಚುವುದನ್ನು ಅವರು ನಿಲ್ಲಿಸಿ ಆಗ ಎಂಟು ತಿಂಗಳಾಗಿತ್ತು. ಆ ಸಂಧಿಯನ್ನು ತೋರಿಸಿ, "ನನ್ನ ಕೂದಲು ಮುರಿಯುವುದೆಲ್ಲ ಇಲ್ಲಿಯೇ" ಎಂದರು.

ಇಂದು ನಾನು ಹೇಳಬೇಕಾದದ್ದೆಲ್ಲ ಆ ಸಂಧಿಯ ಸುತ್ತಲೇ ಇದೆ. ರಿಲ್ಯಾಕ್ಸರ್ ಬಿಟ್ಟು ಸಹಜ ಕೂದಲಿಗೆ ಮರಳುವ ಹೆಣ್ಣುಮಗಳ ತಲೆಯ ಮೇಲೆ ಒಂದೆರಡು ವರ್ಷ ಕಾಲ ಎರಡು ಬಗೆಯ ಕೂದಲು ಒಂದೇ ಎಳೆಯಲ್ಲಿ ಬಾಳುತ್ತವೆ. ಹಳೆಯ ಭಾಗವನ್ನು ಯಾವ ಎಣ್ಣೆಯೂ, ಯಾವ ಕಂಡೀಷನರೂ ಮತ್ತೆ ಮೊದಲಿನಂತೆ ಮಾಡಲಾರದು. ಹೊಸ ಭಾಗಕ್ಕೆ ವಿಶೇಷ ಚಿಕಿತ್ಸೆಯ ಅಗತ್ಯವೂ ಇಲ್ಲ, ಅದಕ್ಕೆ ಬೇಕಾದದ್ದು ನೀರು ಮತ್ತು ಹಗುರವಾದ ಕೈ. ನಿಜವಾದ ಕೆಲಸವಿರುವುದು ಇವೆರಡರ ನಡುವಿನ ಸಂಧಿ ಮುರಿಯದಂತೆ ಕಾಯುವುದರಲ್ಲಿ.

ರಿಲ್ಯಾಕ್ಸರ್ ಎಂದರೇನು ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು, ಏಕೆಂದರೆ ನಮ್ಮ ಊರುಗಳ ಬ್ಯೂಟಿ ಪಾರ್ಲರುಗಳಲ್ಲಿ ನಡೆಯುವ ರೀಬಾಂಡಿಂಗ್ ಮತ್ತು ಸ್ಮೂದನಿಂಗ್ ಇದಲ್ಲ. ಬಿಗಿಯಾಗಿ ಸುತ್ತಿಕೊಳ್ಳುವ ಆಫ್ರಿಕನ್ ಮೂಲದ ಕೂದಲನ್ನು ಶಾಶ್ವತವಾಗಿ ನೇರ ಮಾಡುವ ಪ್ರಬಲ ಕ್ಷಾರದ ಕ್ರೀಮಿಗೆ ಈ ಹೆಸರು. ಹಳೆಯ ಬಗೆಯದರಲ್ಲಿ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕೊಳಾಯಿಯ ಕಟ್ಟಿದ ಕೊಳೆ ತೆಗೆಯಲು ಬಳಸುವ ಕಾಸ್ಟಿಕ್ ಸೋಡಾ ಇರುತ್ತದೆ. ಮನೆಯಲ್ಲಿ ಹಚ್ಚಿಕೊಳ್ಳಲೆಂದು ಮಾರುವ ಪೊಟ್ಟಣಗಳಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಕ್ರೀಮು ಒಂದು ಡಬ್ಬಿಯಲ್ಲಿ, ಗ್ವಾನಿಡೀನ್ ಕಾರ್ಬೊನೇಟಿನ ದ್ರವ ಇನ್ನೊಂದರಲ್ಲಿ ಇದ್ದು, ಎರಡನ್ನೂ ಕಲಸಿದಾಗ ಗ್ವಾನಿಡೀನ್ ಹೈಡ್ರಾಕ್ಸೈಡ್ ಆಗುತ್ತದೆ. ಎರಡನೆಯದು ಚರ್ಮವನ್ನು ಕಡಿಮೆ ಸುಡುತ್ತದೆ ಎಂಬುದು ನಿಜವಾದರೂ ಅದು ಕೂದಲಿನ ಮೇಲೆ ಕ್ಯಾಲ್ಸಿಯಂ ಉಳಿಸಿಹೋಗುವುದರಿಂದ ಕೂದಲು ಇನ್ನಷ್ಟು ಒರಟಾಗುತ್ತದೆ. ಎರಡರ ಪಿಎಚ್ ಮೌಲ್ಯವೂ 12ಕ್ಕಿಂತ ಮೇಲೆಯೇ ಇರುತ್ತದೆ.

ಕೂದಲಿಗೆ ಆಕಾರ ಮತ್ತು ಬಲ ಕೊಡುವುದು ಕೆರಟಿನ್ ಎಂಬ ಪ್ರೋಟೀನಿನ ಸರಪಳಿಗಳನ್ನು ಒಂದಕ್ಕೊಂದು ಹೆಣೆದಿಡುವ ಗಂಧಕದ ಜೋಡಿಬಂಧಗಳು. ಪ್ರಬಲ ಕ್ಷಾರ ಆ ಬಂಧದಿಂದ ಒಂದು ಗಂಧಕದ ಪರಮಾಣುವನ್ನು ಕಿತ್ತು ಅದನ್ನು ಲ್ಯಾಂಥಿಯೊನೀನ್ ಎಂಬ ಬೇರೆಯೇ ಬಂಧವನ್ನಾಗಿ ಮಾಡುತ್ತದೆ, ಮತ್ತು ಹೀಗೆ ಒಮ್ಮೆ ಆದದ್ದು ಹಿಂದಕ್ಕೆ ತಿರುಗುವುದಿಲ್ಲ. ಅದೇ ಹೊತ್ತಿಗೆ ಹೊರಪೊರೆಯ ಮೇಲೆ ಪ್ರಕೃತಿಯೇ ಹಚ್ಚಿಟ್ಟಿರುವ ಅತಿ ತೆಳುವಾದ ಮೇದಸ್ಸಿನ ಲೇಪವೂ ಕಳಚಿಹೋಗುತ್ತದೆ. ಈ ಲೇಪವಿದ್ದ ಕೂದಲು ನೀರನ್ನು ತಾವರೆ ಎಲೆಯಂತೆ ಹಿಡಿತದಲ್ಲಿಡುತ್ತದೆ. ಅದಿಲ್ಲದ ಕೂದಲು ನೀರನ್ನು ಬೇಗ ಹೀರಿ ಬೇಗ ಕಳೆದುಕೊಳ್ಳುತ್ತದೆ. ರಿಲ್ಯಾಕ್ಸರ್ ಹಚ್ಚಿದ ಕೂದಲು ತೊಳೆದ ದಿನ ಮೆತ್ತಗಿದ್ದು ಮರುದಿನವೇ ಹುಲ್ಲಿನಂತಾಗುವುದಕ್ಕೆ ಕಾರಣ ಇದೇ.

ಇಷ್ಟೊಂದು ತೀಕ್ಷ್ಣವಾದ ವಸ್ತುವನ್ನು ಆರರಿಂದ ಎಂಟು ವಾರಕ್ಕೊಮ್ಮೆ, ಹತ್ತಾರು ವರ್ಷ, ಅನೇಕ ಬಾರಿ ಬಾಲ್ಯದಿಂದಲೇ ತಲೆಗೆ ಹಚ್ಚಿಕೊಂಡದ್ದೇಕೆ ಎಂದು ನೀವು ಕೇಳಬಹುದು. ಉತ್ತರ ಕೂದಲಿನಲ್ಲಿಲ್ಲ, ಆ ದೇಶದ ಚರಿತ್ರೆಯಲ್ಲಿದೆ. ಲೂಸಿಯಾನ ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, 1786ರಲ್ಲಿ ಅಲ್ಲಿನ ಗವರ್ನರ್ ಎಸ್ತೆಬಾನ್ ಮಿರೊ, ಸ್ವತಂತ್ರರಾದ ಕಪ್ಪು ಮೂಲದ ಹೆಂಗಸರು ತಮ್ಮ ಕೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ್ದ. ಗುಲಾಮಗಿರಿ ಹೋದ ಮೇಲೂ ಕಚೇರಿಯಲ್ಲಿ, ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ ನೇರ ಕೂದಲೇ ಒಳ್ಳೆಯ ಕೂದಲೆಂಬ ಅಳತೆಗೋಲು ಉಳಿಯಿತು. ಮೊದಮೊದಲು ಕೆಂಡದ ಮೇಲೆ ಕಾಯಿಸಿದ ಲೋಹದ ಬಾಚಣಿಗೆಯಿಂದ ಕೂದಲನ್ನು ಎಳೆಯುತ್ತಿದ್ದರು. ಆಲೂಗಡ್ಡೆ, ಮೊಟ್ಟೆ ಮತ್ತು ಕಾಸ್ಟಿಕ್ ಸೋಡಾ ಬೆರೆಸಿದ ಮನೆಯ ಪಾಕವನ್ನು ಗಂಡಸರೂ ಹಚ್ಚಿಕೊಂಡರು. ಕ್ಲೀವ್‌ಲ್ಯಾಂಡಿನ ಗ್ಯಾರೆಟ್ ಮಾರ್ಗನ್, ಮುಂದೆ ಸಂಚಾರ ಸೂಚಕ ಯಂತ್ರಕ್ಕೆ ಪೇಟೆಂಟ್ ಪಡೆದ ಅದೇ ಮಾರ್ಗನ್, ಕೂದಲು ನೇರ ಮಾಡುವ ಕ್ರೀಮನ್ನು ಮಾರಲು 1913ರಲ್ಲಿ ಕಂಪನಿ ತೆರೆದರು. 1954ರಲ್ಲಿ ಶಿಕಾಗೋದಲ್ಲಿ ಜಾರ್ಜ್ ಜಾನ್ಸನ್ ಆರಂಭಿಸಿದ ಜಾನ್ಸನ್ ಪ್ರಾಡಕ್ಟ್ಸ್ ಈ ಉದ್ಯಮವನ್ನು ಎಷ್ಟು ಎತ್ತರಕ್ಕೆ ಒಯ್ದಿತೆಂದರೆ, 1971ರಲ್ಲಿ ಅದು ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ದಾಖಲಾದ, ಕಪ್ಪು ಜನರ ಒಡೆತನದ ಮೊದಲ ಕಂಪನಿಯಾಯಿತು. ಸಹಜ ಕೂದಲಿನ ಕಾರಣಕ್ಕೆ ಉದ್ಯೋಗದಲ್ಲಿ ಮತ್ತು ಶಾಲೆಯಲ್ಲಿ ಭೇದಭಾವ ಮಾಡಬಾರದೆಂಬ ಕ್ರೌನ್ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ಮೊದಲ ರಾಜ್ಯವಾಗಿ ಅಂಗೀಕರಿಸಿದ್ದು 2019ರಲ್ಲಿ. ಮಿರೊನ ಆಜ್ಞೆಗೂ ಈ ಕಾಯ್ದೆಗೂ ನಡುವೆ 233 ವರ್ಷಗಳಿವೆ. ಆದ್ದರಿಂದ ರಿಲ್ಯಾಕ್ಸರ್ ಬಳಸಿದ ಯಾವ ಹೆಣ್ಣನ್ನೂ ನಾವು ತಪ್ಪಿತಸ್ಥಳಂತೆ ಕಾಣಬಾರದು ಎಂಬುದನ್ನು ಒತ್ತಿ ಹೇಳಲು ಬಯಸುತ್ತೇನೆ.

ಬಿಡಬೇಕೆಂಬ ತೀರ್ಮಾನಕ್ಕೆ ಈಚೆಗೆ ಇನ್ನೊಂದು ಗಂಭೀರ ಕಾರಣ ಸೇರಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೂದಲು ನೇರ ಮಾಡುವ ಉತ್ಪನ್ನಗಳನ್ನು ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರಿನ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿರುವುದು ಕಂಡುಬಂತು. ಎಂದೂ ಬಳಸದವರಲ್ಲಿ 70ನೆಯ ವಯಸ್ಸಿನ ಹೊತ್ತಿಗೆ ಈ ರೋಗ ಬರುವ ಸಾಧ್ಯತೆ ಶೇ. 1.64 ಇದ್ದರೆ, ಪದೇಪದೇ ಬಳಸುವವರಲ್ಲಿ ಅದು ಶೇ. 4.05 ಎಂದು ಅವರು ಅಂದಾಜಿಸಿದರು. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಕಾರಣವನ್ನು ಸಾಬೀತುಪಡಿಸಿದ್ದಲ್ಲ. ಬಳಸಿದವರಿಗೆಲ್ಲ ರೋಗ ಬರುತ್ತದೆಂದು ಯಾರೂ ಹೆದರಬೇಕಿಲ್ಲ. ಆದರೆ ಕೂದಲಿನ ಅಂದಕ್ಕಾಗಿ ಹೊರಲು ಇದು ಸಣ್ಣ ಅಪಾಯವೂ ಅಲ್ಲ.

ಈಗ ಆರೈಕೆಯ ವಿಷಯಕ್ಕೆ ಬರೋಣ. ರಿಲ್ಯಾಕ್ಸರ್ ನಿಲ್ಲಿಸಿದವರ ಮುಂದೆ ಎರಡು ದಾರಿಗಳಿವೆ. ಬಿಗ್ ಚಾಪ್ ಎಂದು ಅವರೇ ಕರೆಯುವ ದಾರಿಯಲ್ಲಿ, ಹೊಸ ಕೂದಲು ಒಂದೆರಡು ಅಂಗುಲ ಬಂದ ಕೂಡಲೇ ನೇರವಾದ ಭಾಗವನ್ನೆಲ್ಲ ಒಮ್ಮೆಲೇ ಕತ್ತರಿಸಿಬಿಡುತ್ತಾರೆ. ಅದಕ್ಕೆ ಮನಸ್ಸು ಗಟ್ಟಿಯಿರುವವರಿಗೆ ನಾನು ಇಂದು ಹೇಳುವ ಅರ್ಧದಷ್ಟು ಮಾತು ಬೇಕಾಗುವುದಿಲ್ಲ. ಇನ್ನೊಂದು, ಉದ್ದವನ್ನು ಉಳಿಸಿಕೊಂಡು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋಗುವ ದಾರಿ. ಕೂದಲು ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಬಿಗಿ ಸುರುಳಿಯ ಕೂದಲು ಅದಕ್ಕಿಂತ ತುಸು ನಿಧಾನ. ಹಾಗಾಗಿ ಭುಜಕ್ಕೆ ಮುಟ್ಟುವ ಕೂದಲು ಪೂರ್ತಿ ಬದಲಾಗಲು ಒಂದೂವರೆ ಎರಡು ವರ್ಷ ಬೇಕು. ಆದರೂ ಕನ್ನಡಿಯಲ್ಲಿ ಆ ಬೆಳವಣಿಗೆ ಕಾಣುವುದಿಲ್ಲ, ಏಕೆಂದರೆ ಒತ್ತು ಸುರುಳಿಯ ಕೂದಲು ಒಣಗಿದಾಗ ತನ್ನ ಉದ್ದದ ಅರ್ಧಕ್ಕಿಂತಲೂ ಹೆಚ್ಚು ಕುಗ್ಗಿ ಕೂರುತ್ತದೆ. ಬೆಳೆಯುತ್ತಲೇ ಇಲ್ಲವೆಂದು ಬೇಸತ್ತು ಆರನೆಯ ತಿಂಗಳಲ್ಲಿ ಮತ್ತೆ ಕ್ರೀಮಿಗೆ ಮರಳುವವರಿಗೆ, ಒಂದು ಎಳೆಯನ್ನು ಬುಡದಿಂದ ನಯವಾಗಿ ಎಳೆದು ಅಳೆದು ನೋಡಿ ಎಂದು ಹೇಳಬೇಕು.

ಸುರುಳಿ ಕೂದಲು ಸ್ವಭಾವತಃ ಏಕೆ ಒಣಗುತ್ತದೆ? ನೆತ್ತಿಯ ಚರ್ಮದಲ್ಲಿ ಒಸರುವ ಜಿಡ್ಡು ನೇರ ಕೂದಲಿನಲ್ಲಿ ತಾನಾಗಿಯೇ ಕೆಳಗಿಳಿಯುತ್ತದೆ, ಬಾಚಿದರೆ ತುದಿಯವರೆಗೂ ತಲುಪುತ್ತದೆ. ಸ್ಪ್ರಿಂಗಿನಂತೆ ಸುತ್ತಿದ ಎಳೆಯಲ್ಲಿ ಅದು ಬುಡ ಬಿಟ್ಟು ಮುಂದೆ ಹೋಗುವುದೇ ಇಲ್ಲ. ಜೊತೆಗೆ ಈ ಎಳೆಯ ಅಡ್ಡಕೊಯ್ತ ದುಂಡಾಗಿರದೆ ಅವರೆ ಬೀಜದಂತೆ ಚಪ್ಪಟೆಯಾಗಿದ್ದು, ಪ್ರತಿಯೊಂದು ತಿರುವಿನಲ್ಲಿಯೂ ಹೊರಪೊರೆ ಸ್ವಲ್ಪ ಎದ್ದಿರುತ್ತದೆ. ಪ್ರತಿ ತಿರುವೂ ಮುರಿಯಬಲ್ಲ ಜಾಗ. ಕನ್ನಡದಲ್ಲಿ ಅಲೆಅಲೆಯಾದ ಕೂದಲಿನಿಂದ ಹಿಡಿದು ಬಟಾಣಿ ಗಾತ್ರದ ಸುರುಳಿಯವರೆಗೆ ಎಲ್ಲವನ್ನೂ ಗುಂಗುರು ಕೂದಲು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅಮೆರಿಕದಲ್ಲಿ ಆಂಡ್ರೆ ವಾಕರ್ ಎಂಬ ಕೇಶವಿನ್ಯಾಸಕಾರರು ರೂಢಿಗೆ ತಂದ ವರ್ಗೀಕರಣದಲ್ಲಿ ನೇರ ಕೂದಲು 1, ಅಲೆಯದು 2, ಸುರುಳಿಯದು 3, ಒತ್ತು ಸುರುಳಿಯದು 4. ಆರೈಕೆಯ ಮಾತು ಬಂದಾಗ ಈ ಬೇರ್ಪಡಿಕೆ ಬೇಕೇ ಬೇಕು, ಏಕೆಂದರೆ ಎರಡನೆಯದಕ್ಕೆ ಜಿಡ್ಡೆನಿಸುವ ಕ್ರೀಮು ನಾಲ್ಕನೆಯದಕ್ಕೆ ಸಾಲದೇ ಹೋಗುತ್ತದೆ.

ತೇವ ಎಂಬ ಮಾತಿನ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಕೂದಲು ಒಣಗಿದೆ ಎಂದ ಕೂಡಲೇ ಅಜ್ಜಿಯಿಂದ ಹಿಡಿದು ಎಲ್ಲರೂ ಎಣ್ಣೆ ಹಚ್ಚು ಎನ್ನುತ್ತಾರೆ. ಎಣ್ಣೆ ತೇವವಲ್ಲ. ತೇವವೆಂದರೆ ನೀರು. ಎಣ್ಣೆ ಮಾಡುವುದು ಆ ನೀರು ಬೇಗ ಆರದಂತೆ ತಡೆಯುವ ಕೆಲಸವನ್ನು ಮಾತ್ರ. ಒಣ ಕೂದಲಿಗೆ ಎಣ್ಣೆ ಮೆತ್ತಿದರೆ ಅದು ಒಣಗಿದ ಸ್ಥಿತಿಯಲ್ಲಿಯೇ ಮುಚ್ಚಿ ಕೂರುತ್ತದೆ. ಆದ್ದರಿಂದಲೇ ಈ ಹಾದಿಯಲ್ಲಿ ನಡೆದ ಹೆಂಗಸರು ತಮ್ಮ ಅನುಭವದಿಂದ ಕಂಡುಕೊಂಡ ಕ್ರಮದಲ್ಲಿ ಮೊದಲು ನೀರು ಅಥವಾ ನೀರೇ ಪ್ರಧಾನವಾಗಿರುವ, ಹಚ್ಚಿ ತೊಳೆಯದೆ ಬಿಡುವ ಲೀವ್-ಇನ್ ಕಂಡೀಷನರ್, ಅನಂತರ ಎಣ್ಣೆ, ಕೊನೆಗೆ ಕ್ರೀಮು ಬರುತ್ತದೆ. ಕೆಲವರು ಕ್ರೀಮನ್ನು ಮೊದಲು ಹಚ್ಚಿ ಎಣ್ಣೆಯಿಂದ ಮುಗಿಸುತ್ತಾರೆ. ಯಾವುದು ಯಾರಿಗೆ ಹಿಡಿಸುತ್ತದೆಂಬುದು ಕೂದಲನ್ನು ನೋಡಿಯೇ ತಿಳಿಯಬೇಕು, ಆದರೆ ನೀರು ಮೊದಲು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ತೆಂಗಿನ ಎಣ್ಣೆಯ ವಿಷಯವನ್ನು ಮಾತ್ರ ಬೇರೆಯಾಗಿ ಹೇಳಬೇಕು. ಆರತಿ ರೇಳೆ ಮತ್ತು ಆರ್. ಬಿ. ಮೊಹಿಲೆ ಎಂಬ ಭಾರತೀಯ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೆಂಗಿನ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನ ಎಣ್ಣೆಯೊಂದೇ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿ, ನೇರವಾಗಿ ಇರುವುದರಿಂದ ಅದು ಎಳೆಯ ಒಳಕ್ಕೆ ಇಳಿಯುತ್ತದೆ. ರಾಸಾಯನಿಕ ಪೆಟ್ಟು ತಿಂದ ಕೂದಲಿಗೂ ಈ ಉಪಕಾರ ಸಿಗುತ್ತದೆ. ಹಾಗೆಂದು ದಿನವೂ ಸುರಿದುಕೊಳ್ಳಬೇಕೆಂದಲ್ಲ. ಒತ್ತು ಸುರುಳಿಯ ಕೂದಲಿರುವ ಅನೇಕರಿಗೆ ತೊಳೆದ ಮೇಲೆ ಹಚ್ಚಿದ ತೆಂಗಿನ ಎಣ್ಣೆಯಿಂದ ಕೂದಲು ಗಡುಸಾಗುತ್ತದೆ. ಅದರ ಸರಿಯಾದ ಜಾಗ ತಲೆಸ್ನಾನಕ್ಕೆ ಮೊದಲು. ಹಿಂದಿನ ರಾತ್ರಿಯೋ, ಕನಿಷ್ಠ ಅರ್ಧ ಗಂಟೆ ಮುಂಚೆಯೋ ಸಂಧಿಯಿಂದ ತುದಿಯವರೆಗೆ ಹಚ್ಚಿದರೆ, ನೀರು ಕುಡಿದು ಎಳೆ ಅತಿಯಾಗಿ ಉಬ್ಬುವುದು ತಪ್ಪುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಎಣ್ಣೆ ಹಚ್ಚಿಕೊಂಡು ಕೂತು ಆಮೇಲೆ ಎರೆದುಕೊಳ್ಳುವ ಪದ್ಧತಿಯೂ ಇದೇ ಆಗಿತ್ತು ಎಂಬುದು ನನಗೆ ಸಂತೋಷದ ಸಂಗತಿ. ಹರಳೆಣ್ಣೆ ಕೂದಲು ಬೆಳೆಸುತ್ತದೆಂಬ ಮಾತಿಗೆ ಆಧಾರವಿಲ್ಲ. ಆದರೆ ಅದು ದಪ್ಪನಾದ ಎಣ್ಣೆಯಾದ್ದರಿಂದ ಒದ್ದೆ ತುದಿಗಳನ್ನು ಮುಚ್ಚಲು ಒಳ್ಳೆಯದು.

ತಲೆ ತೊಳೆಯುವ ದಿನವೇ ಕೂದಲು ಹೆಚ್ಚು ಮುರಿಯುವ ದಿನ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಸಹೋದ್ಯೋಗಿ ಒಂದು ಶನಿವಾರ ನನ್ನನ್ನು ಮನೆಗೆ ಕರೆದು ಈ ಕೆಲಸವನ್ನು ತೋರಿಸಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದದ್ದು ಮುಗಿಯುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಅವರು ತಲೆಯನ್ನು ಆರು ಭಾಗ ಮಾಡಿ ಪ್ರತಿಯೊಂದನ್ನೂ ಸಡಿಲವಾಗಿ ತಿರುಚಿ ಕ್ಲಿಪ್ ಹಾಕಿದರು. ಒಂದು ಸಲಕ್ಕೆ ಒಂದೇ ಭಾಗವನ್ನು ಬಿಚ್ಚಿದರು. ಶಾಂಪೂವನ್ನು ಅಂಗೈಯಲ್ಲಿ ನೀರಿನೊಂದಿಗೆ ತೆಳುವಾಗಿಸಿ ಬೆರಳ ತುದಿಯಿಂದ ನೆತ್ತಿಗೆ ಮಾತ್ರ ಹಚ್ಚಿದರು, ಕೂದಲಿನ ಉದ್ದಕ್ಕೆ ಇಳಿಯುವ ನೊರೆಯೇ ಅದಕ್ಕೆ ಸಾಕು ಎಂದರು. ಆಮೇಲೆ ಕೈತುಂಬ ಕಂಡೀಷನರ್ ತೆಗೆದುಕೊಂಡು, ಅದು ಸೋರುವಷ್ಟು ಹಚ್ಚಿ, ಮೊದಲು ಬೆರಳಿನಿಂದ, ಅನಂತರ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿದರು. ನಾನು ಕಣ್ಣಿಟ್ಟು ನೋಡಿದ್ದು ಅವರ ಎಡಗೈಯನ್ನು. ಬಲಗೈ ತುದಿಯಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಿದ್ದಂತೆ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಸಂಧಿಗಿಂತ ತುಸು ಕೆಳಗೆ ಕೂದಲನ್ನು ಬಿಗಿಯಾಗಿ ಹಿಡಿದಿದ್ದವು. ಬಾಚಣಿಗೆಯ ಎಳೆತವೆಲ್ಲ ಆ ಬೆರಳುಗಳಿಗೆ ಬೀಳುತ್ತಿತ್ತೇ ವಿನಾ ಸಂಧಿಗೆ ಬೀಳುತ್ತಿರಲಿಲ್ಲ. ಎರಡು ಬೆರಳಿನ ಆ ಹಿಡಿತ ಯಾವ ದುಬಾರಿ ಉತ್ಪನ್ನಕ್ಕಿಂತಲೂ ಹೆಚ್ಚು ಕೂದಲನ್ನು ಉಳಿಸುತ್ತದೆ ಎಂದು ನಾನು ನಂಬಿದ್ದೇನೆ.

ತೊಳೆದ ಮೇಲೆ ಟವೆಲ್ಲಿನಿಂದ ತಿಕ್ಕುವುದು, ಕೂದಲನ್ನು ಝಾಡಿಸುವುದು ಬೇಡ. ಹಳೆಯ ಹತ್ತಿ ಬನಿಯನ್ನೋ ಮೆತ್ತನೆಯ ಪಂಚೆಯೋ ಹಿಡಿದು ಒತ್ತಿದರೆ ಸಾಕು. ಒಣ ಕೂದಲನ್ನು ಎಂದಿಗೂ ಬಾಚಬಾರದು. ತೊಳೆಯುವುದು ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ ಆದರೆ ಸರಿ. ನಡುವೆ ಕೂದಲು ಒಣಗಿತೆನಿಸಿದರೆ ನೀರು ಮತ್ತು ಸ್ವಲ್ಪ ಕಂಡೀಷನರ್ ಬೆರೆಸಿದ ಸ್ಪ್ರೇ ಬಾಟಲಿ ಕೈಗೆಟಕುವಂತಿರಲಿ. ಗ್ಲಿಸರಿನ್ ಇರುವ ಉತ್ಪನ್ನಗಳು ಮಂಗಳೂರಿನಂಥ ತೇವದ ಹವೆಯಲ್ಲಿ ಗಾಳಿಯಿಂದ ನೀರನ್ನು ಸೆಳೆದು ಕೂದಲಿಗೆ ಕೊಡುತ್ತವೆ. ಬೇಸಿಗೆಯ ಬಳ್ಳಾರಿಯಲ್ಲೋ, ಚಳಿಗಾಲದಲ್ಲಿ ಹೀಟರ್ ಉರಿಯುವ ಅಮೆರಿಕದ ಮನೆಯೊಳಗೋ ಗಾಳಿಯಲ್ಲಿ ನೀರೇ ಇರುವುದಿಲ್ಲ, ಅಲ್ಲಿ ಗ್ಲಿಸರಿನ್ನಿನಿಂದ ಆ ಲಾಭವನ್ನು ನಿರೀಕ್ಷಿಸಬಾರದು.

ನೀರಿನ ಗಡಸುತನವನ್ನೂ ಮರೆಯಬಾರದು. ಬೆಂಗಳೂರಿನ ಅನೇಕ ಬಡಾವಣೆಗಳ ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ ಪಾತ್ರೆಯ ಮೇಲೆ ಬಿಳಿಯ ಪದರವಾಗಿ ಕೂರುವಂತೆ ಕೂದಲಿನ ಮೇಲೂ ಕೂರುತ್ತದೆ, ಮತ್ತು ಪೆಟ್ಟು ತಿಂದ ಕೂದಲು ಅದನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ, ಕ್ಯಾಲ್ಸಿಯಂ ಅನ್ನು ಹಿಡಿದು ತೆಗೆಯುವ ಇಡಿಟಿಎ ಎಂಬ ವಸ್ತು ಇರುವ ಶಾಂಪೂ ಬಳಸಿದರೆ ಆ ಪದರ ಕರಗುತ್ತದೆ. ಗ್ವಾನಿಡೀನ್ ಬಗೆಯ ರಿಲ್ಯಾಕ್ಸರ್ ಬಳಸಿದ್ದವರಿಗೆ ಇದು ಇನ್ನೂ ಅಗತ್ಯ. ಇದೇ ಸಂದರ್ಭದಲ್ಲಿ, ಅಡುಗೆ ಸೋಡಾ ಹಾಕಿ ತಲೆ ತೊಳೆಯುವ ಸಲಹೆ ಯಾರೇ ಕೊಟ್ಟರೂ ದಯವಿಟ್ಟು ಪಾಲಿಸಬೇಡಿ, ಅದು ಮತ್ತೊಂದು ಕ್ಷಾರ. ಸೀಗೆಪುಡಿಯ ತರಿ ಸಂಧಿಯ ಮೇಲೆ ಉಜ್ಜುತ್ತದೆ, ಆದ್ದರಿಂದ ಆ ಎರಡು ವರ್ಷ ಅದು ಬೇಡ. ದಾಸವಾಳದ ಸೊಪ್ಪಿನ ಲೋಳೆ, ಸೋಸಿದ ಅಗಸೆ ಬೀಜದ ಲೋಳೆ, ಲೋಳೆಸರ ಇವು ಕೂದಲಿಗೆ ಜಾರುವ ಗುಣ ಕೊಟ್ಟು ಸಿಕ್ಕು ಬಿಡಿಸಲು ನೆರವಾಗುತ್ತವೆ. ಅಗಸೆಯ ಲೋಳೆಯನ್ನು ಕಪ್ಪು ಹೆಂಗಸರೂ ಮನೆಯಲ್ಲಿ ಕುದಿಸಿ ಬಳಸುತ್ತಾರೆ.

ಎಲ್ಲ ಮುರಿತಕ್ಕೂ ತೇವವೇ ಮದ್ದಲ್ಲ. ಒದ್ದೆಯಾದ ಒಂದು ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಯವಾಗಿ ಎಳೆದು ನೋಡಿ. ಸ್ವಲ್ಪವೂ ಹಿಗ್ಗದೆ ಪಟ್ಟನೆ ತುಂಡಾದರೆ ಕೂದಲಿಗೆ ನೀರು ಮತ್ತು ಕಂಡೀಷನರ್ ಬೇಕಾಗಿದೆ. ರಬ್ಬರಿನಂತೆ ಹಿಗ್ಗುತ್ತಲೇ ಹೋಗಿ ಹಿಂದಕ್ಕೆ ಬರದೆ ಸೋತರೆ ಅದಕ್ಕೆ ಪ್ರೋಟೀನ್ ಬೇಕಾಗಿದೆ. ಗೋಧಿ ಅಥವಾ ಕೆರಟಿನ್ನಿನ ಚಿಕ್ಕ ತುಣುಕುಗಳಿರುವ ಕಂಡೀಷನರುಗಳನ್ನು ನಾಲ್ಕಾರು ವಾರಕ್ಕೊಮ್ಮೆ ಬಳಸಬಹುದು. ಅವು ಮುರಿದ ಬಂಧಗಳನ್ನು ಕಟ್ಟುವುದಿಲ್ಲ, ಬಿರುಕುಗಳಿಗೆ ತಾತ್ಕಾಲಿಕವಾಗಿ ಮೆತ್ತಿಕೊಳ್ಳುತ್ತವೆ. ವಾರವಾರವೂ ಬಳಸಿದರೆ ಕೂದಲು ಕಡ್ಡಿಯಾಗುತ್ತದೆ.

ಉದುರಿದ ಕೂದಲನ್ನು ನೋಡಿ ಗಾಬರಿಯಾಗುವವರು ಅದರ ತುದಿಯನ್ನು ನೋಡಲಿ. ಒಂದು ಕೊನೆಯಲ್ಲಿ ಬಿಳಿಯ ಪುಟ್ಟ ಗುಬುಟಿದ್ದರೆ ಅದು ತನ್ನ ಆಯುಸ್ಸು ಮುಗಿಸಿ ಬಿದ್ದ ಕೂದಲು, ದಿನಕ್ಕೆ 50ರಿಂದ 100ರವರೆಗೆ ಅಂಥವು ಬೀಳುವುದು ಸಹಜ. ಗುಬುಟಿಲ್ಲದ, ಪೂರ್ತಿ ನೇರವಾದ ತುಂಡುಗಳೇ ಬಾಚಣಿಗೆಯಲ್ಲಿ ಸಿಕ್ಕಿದರೆ ಸಂಧಿ ಮುರಿಯುತ್ತಿದೆ ಎಂದರ್ಥ. ಆದರೆ ನಡುನೆತ್ತಿಯಲ್ಲಿ ಕೂದಲು ವಿರಳವಾಗುತ್ತ ಚರ್ಮ ನುಣುಪಾಗಿ ಹೊಳೆಯತೊಡಗಿದರೆ, ಅಥವಾ ಅಲ್ಲಿ ಉರಿ, ನವೆ ಇದ್ದರೆ, ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಚರ್ಮರೋಗ ತಜ್ಞರನ್ನು ಕಾಣಬೇಕು. ಕೂದಲಿನ ಬುಡವನ್ನೇ ಕಲೆಯಾಗಿಸುವ ಒಂದು ಬಗೆಯ ಬಕ್ಕತನ ಕಪ್ಪು ಮಹಿಳೆಯರಲ್ಲಿ ಹೆಚ್ಚಾಗಿ ಕಾಣುತ್ತದೆ, ಕಲೆಯಾದ ಬುಡದಿಂದ ಮತ್ತೆ ಕೂದಲು ಹುಟ್ಟುವುದಿಲ್ಲ.

ಎರಡು ಬಗೆಯ ಕೂದಲು ಒಂದೇ ತಲೆಯ ಮೇಲಿರುವಾಗ ನೋಡಲು ಒಂದೇ ಬಗೆಯಾಗಿ ಕಾಣಿಸುವುದು ಹೇಗೆ? ಹೆಚ್ಚಿನವರು ಮಾಡುವ ತಪ್ಪೆಂದರೆ, ಬುಡದ ಹೊಸ ಸುರುಳಿಯನ್ನು ಬಿಸಿ ಇಸ್ತ್ರಿಯಿಂದ ಒತ್ತಿ ಹಳೆಯ ನೇರ ಭಾಗಕ್ಕೆ ಹೊಂದಿಸಲು ಹೋಗುವುದು. ಹೀಗೆ ಮಾಡಿದರೆ ಯಾವುದಕ್ಕಾಗಿ ಕಾಯುತ್ತಿದ್ದೇವೋ ಅದನ್ನೇ ಸುಟ್ಟುಕೊಂಡಂತೆ. ಒದ್ದೆ ಕೂದಲಿನ ಮೇಲೆ ಕಾದ ಇಸ್ತ್ರಿ ಇಟ್ಟರಂತೂ ಒಳಗಿನ ನೀರು ಆವಿಯಾಗಿ ಎಳೆಯೊಳಗೆ ಗುಳ್ಳೆಗಳೇ ಏಳುತ್ತವೆ. ತಿರುಗಿಸಿ ಯೋಚಿಸಬೇಕು: ನೇರ ತುದಿಯನ್ನು ಸುರುಳಿಯ ಬುಡಕ್ಕೆ ಹೊಂದಿಸಬೇಕು. ಒದ್ದೆ ಕೂದಲನ್ನು ಎರಡೆಳೆಯಲ್ಲಿ ಹುರಿಮಾಡಿ ಅಥವಾ ಸಡಿಲವಾಗಿ ಹೆಣೆದು, ತುದಿಗಳನ್ನು ಮೆತ್ತನೆಯ ರೋಲರಿಗೆ ಸುತ್ತಿ, ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ಇಡೀ ಕೂದಲು ಒಂದೇ ಅಲೆಯಾಗಿ ಕಾಣುತ್ತದೆ. ಸಣ್ಣಸಣ್ಣ ಗಂಟುಗಳಾಗಿ ಸುತ್ತಿಡುವ ಬಾಂಟು ನಾಟ್ಸ್ ಎಂಬ ಆಫ್ರಿಕದ ವಿನ್ಯಾಸವೂ ಇದಕ್ಕೆ ಒದಗುತ್ತದೆ. ಬಿಗಿ ಹೆಣಿಗೆಗಳನ್ನು ಹಾಕಿಸಿಕೊಳ್ಳುವವರು ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ ಅದನ್ನು ಎಚ್ಚರಿಕೆಯೆಂದು ತಿಳಿದು ಅಂದೇ ಬಿಚ್ಚಿಸಬೇಕು. ಯಾವ ಹೆಣಿಗೆಯನ್ನೂ ಆರೆಂಟು ವಾರಕ್ಕಿಂತ ಹೆಚ್ಚು ಇಡಬಾರದು.

ಈ ಹೆಣಿಗೆಗಳಿಗೆ ಸೇರಿಸುವ ಚೌಲಿಯ ವಿಷಯದಲ್ಲಿ ಒಂದು ಮಾತು. ತಿರುಮಲದಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸಿದ ಮುಡಿ ಹರಾಜಾಗಿ, ಸಾಗರ ದಾಟಿ, ಅಮೆರಿಕದ ಅಂಗಡಿಗಳಲ್ಲಿ ಇಂಡಿಯನ್ ಹೇರ್ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ನಮ್ಮ ಹೆಂಗಸರ ಕೂದಲು ಅಲ್ಲಿನ ಹೆಂಗಸರಿಗೆ ಅಳತೆಗೋಲಾಗಿ ತೂಗುತ್ತಿರುವುದನ್ನು ಮೊದಲ ಸಲ ಕಂಡ ದಿನ ನನಗೆ ಬಹಳ ಸಂಕಟವಾಯಿತು.

ರಾತ್ರಿ ಹತ್ತಿಯ ದಿಂಬು ಕೂದಲಿನ ತೇವವನ್ನು ಹೀರಿ, ಮಗ್ಗುಲು ಬದಲಿಸಿದಾಗೆಲ್ಲ ಎಳೆಗಳನ್ನು ಉಜ್ಜುತ್ತದೆ. ಅದಕ್ಕಾಗಿ ಅಲ್ಲಿನವರು ಸ್ಯಾಟಿನ್ ಟೋಪಿ ಹಾಕಿ ಮಲಗುತ್ತಾರೆ. ನಾನು ಸಹೋದ್ಯೋಗಿಗೆ ನನ್ನ ತಾಯಿಯ ಹರಿದ ಮೈಸೂರು ರೇಷ್ಮೆ ಸೀರೆಯಿಂದ, ಜರಿಯ ಅಂಚನ್ನು ಕತ್ತರಿಸಿ ತೆಗೆದು, ದಿಂಬಿನ ಚೀಲ ಹೊಲಿದು ಕೊಟ್ಟಿದ್ದೆ. ಅವರು ಅದನ್ನು ಬಹಳ ವರ್ಷ ಬಳಸಿದರು.

ನಮ್ಮ ರಾಜ್ಯದ ಮಾತಿಗೆ ಬಂದರೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ, 2003ರಲ್ಲಿ ಪರಿಶಿಷ್ಟ ಪಂಗಡವೆಂದು ಗುರುತಿಸಲಾದ ಸಿದ್ದಿ ಸಮುದಾಯದವರ ಪೂರ್ವಜರು ಆಫ್ರಿಕದಿಂದ ಬಂದವರು, ಅವರಲ್ಲಿ ಅನೇಕರದು ನಾನು ಇಷ್ಟು ಹೊತ್ತು ವಿವರಿಸಿದ ಅದೇ ಬಗೆಯ ಕೂದಲು. ಆ ಮಕ್ಕಳು ಕಲಿಯುವ ಶಾಲೆಯ ಶಿಕ್ಷಕರು ಯಾರಾದರೂ ಈ ಸಭೆಯಲ್ಲಿದ್ದರೆ, ಕೂದಲು ಬಾಚಿಲ್ಲವೆಂದು ಗದರಿಸುವ ಮೊದಲು, ಒಣ ಸುರುಳಿ ಕೂದಲನ್ನು ದಿನವೂ ಬಾಚಿದರೆ ಅದು ಮುರಿಯುತ್ತದೆ ಎಂಬುದನ್ನು ನೆನಪಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ಪಾರ್ಲರುಗಳ ರೀಬಾಂಡಿಂಗಿನಲ್ಲಿ ಬಳಸುವುದು ಥಯೋಗ್ಲೈಕೊಲೇಟ್. ಅದು ಗಂಧಕದ ಬಂಧವನ್ನು ಬಿಡಿಸಿ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿದಾಗ ಹೊಸ ಆಕಾರದಲ್ಲಿ ಮತ್ತೆ ಕಟ್ಟುತ್ತದೆ. ರಿಲ್ಯಾಕ್ಸರಿನ ಹೈಡ್ರಾಕ್ಸೈಡ್ ತಾಗಿದ ಕೂದಲಿಗೆ ಥಯೋಗ್ಲೈಕೊಲೇಟ್ ತಾಗಬಾರದು, ಥಯೋಗ್ಲೈಕೊಲೇಟಿನ ಮೇಲೆ ಹೈಡ್ರಾಕ್ಸೈಡೂ ಬೇಡ, ಒಂದಾದ ಮೇಲೊಂದು ಹಚ್ಚಿದರೆ ಕೂದಲು ಕೈಯಲ್ಲಿಯೇ ಕಿತ್ತು ಬರಬಹುದು. ವಿದೇಶದಲ್ಲಿ ರಿಲ್ಯಾಕ್ಸರ್ ಮಾಡಿಸಿಕೊಂಡು ಬಂದವರು ಇಲ್ಲಿನ ಪಾರ್ಲರಿನಲ್ಲಿ ಅದನ್ನು ಮರೆಯದೆ ಹೇಳಬೇಕು. ರೀಬಾಂಡಿಂಗ್ ಬಿಟ್ಟು ಸಹಜ ಗುಂಗುರಿಗೆ ಮರಳುತ್ತಿರುವ ನಮ್ಮ ಹುಡುಗಿಯರಿಗೂ ಸಂಧಿಯ ಆರೈಕೆ ಇದೇ.

ಕೊನೆಯದಾಗಿ ಕತ್ತರಿಯ ವಿಷಯ. ಎಂಟು ಹತ್ತು ವಾರಕ್ಕೊಮ್ಮೆ ಅರ್ಧ ಅಂಗುಲದಷ್ಟು ತುದಿಯನ್ನು ಕತ್ತರಿಸುತ್ತ ಬಂದರೆ ಸೀಳಿದ ತುದಿಗಳು ಮೇಲಕ್ಕೆ ಹರಿಯುವುದಿಲ್ಲ, ನೇರ ಭಾಗದ ಭಾರವೂ ಸಂಧಿಯ ಮೇಲೆ ಕಡಿಮೆಯಾಗುತ್ತದೆ. ಪೂರ್ತಿ ಮುಗಿಸುವ ದಿನ ಮಾತ್ರ ಒಣ ಕೂದಲನ್ನು ಕತ್ತರಿಸಬಾರದು, ಏಕೆಂದರೆ ಎಲ್ಲಿ ಯಾವುದು ಮುಗಿಯುತ್ತದೆಂದು ಆಗ ಗೊತ್ತಾಗುವುದಿಲ್ಲ. ನನ್ನ ಸಹೋದ್ಯೋಗಿ ಇಪ್ಪತ್ತನೆಯ ತಿಂಗಳಲ್ಲಿ ತಲೆಯನ್ನು ಪೂರ್ತಿ ನೆನೆಸಿ, ಅಡುಗೆಮನೆಯ ಸಿಂಕಿನ ಮುಂದೆ ಕುರ್ಚಿ ಹಾಕಿ ಕೂತು, ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. ಬುಡದಿಂದ ಬಂದದ್ದೆಲ್ಲ ನೀರು ಕುಡಿದು ಸುರುಳಿಯಾಗಿ ಮೇಲೆದ್ದಿತ್ತು. ಎಂದೂ ಏಳದ ಮೂರು ಬೆರಳಿನಷ್ಟು ತುದಿ ಕೆಳಗೆ ನೇರವಾಗಿ ಜೋಲುತ್ತಿತ್ತು. ಸಂಧಿಗಿಂತ ಒಂದು ಕೂದಲೆಳೆಯಷ್ಟು ಮೇಲೆ ಹಿಡಿದು ಒಂದೊಂದೇ ಗೊಂಚಲನ್ನು ಕತ್ತರಿಸುತ್ತ ಹೋದೆ. ಮುಗಿದ ಮೇಲೆ ಅವರು ಕನ್ನಡಿಯನ್ನು ಕೇಳಲಿಲ್ಲ, ಕೈಯೆತ್ತಿ ಒಂದು ಸುರುಳಿಯನ್ನು ಕಿವಿಯವರೆಗೆ ಎಳೆದು ಬಿಟ್ಟರು. ಅದು ಚಿಮ್ಮಿ ತನ್ನ ಜಾಗಕ್ಕೆ ಹೋಗಿ ಕೂತಿತು.